ಡಿಜಿಟಲ್ ವಾದ್ಯಕ್ಕೆ ಸ್ಕೋರ್ ಬರೆಯುವಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕೀಬೋರ್ಡ್, ಎರಡು ಸ್ಲೈಡರ್ (ಮೇಲೆ ಕೆಳಗೆ ಸರಿಸುವ ಗುಂಡಿ) ಮತ್ತು ಪಿಚ್ ಬೆಂಡ್ ವೀಲ್ (ಸ್ವರವನ್ನು ಏರಿಳಿಸುವ ಚಕ್ರ) ಇರುವ ವಾದ್ಯಕ್ಕೆ ಸ್ಕೋರ್, ಅಂದರೆ ಸ್ವರಲಿಪಿ, ಬರೆದಿದ್ದೇನೆ. ಸ್ಲೈಡರ್ ಎಲ್ಲಿರಬೇಕೆಂದು ಸ್ವರಗಳ ಮೇಲೆ 64, 87 ಎಂದು ಅಂಕಿ ಹಾಕಿದ್ದೇನೆ. ನುಡಿಸುವವರು ತಡವರಿಸುತ್ತಾರೆ. ಏನು ಬದಲಿಸಲಿ?

ಉತ್ತರ: ಅಂಕಿ ತೆಗೆದು ಗೆರೆ ಎಳೆಯಿರಿ. ಡಿಜಿಟಲ್ ವಾದ್ಯಗಳು ಪರಸ್ಪರ ಸೂಚನೆ ಕಳಿಸುವ ವ್ಯವಸ್ಥೆಯಾದ ಮಿಡಿಯಲ್ಲಿ (MIDI) ಸಾಮಾನ್ಯ ನಿಯಂತ್ರಣಕ್ಕೆ 0ಯಿಂದ 127ರವರೆಗೆ ಬೆಲೆಗಳಿವೆ. 84 ಎಲ್ಲಿ, 87 ಎಲ್ಲಿ ಎಂಬುದು ಬೆರಳಿಗೆ ತಿಳಿಯುವುದಿಲ್ಲ. ಅಂಕಿ ಓದಿ, ಜಾಗ ಊಹಿಸಿ, ಕೈ ಸರಿಸುವಷ್ಟರಲ್ಲಿ ತಾಳ ಮುಂದೆ ಹೋಗಿರುತ್ತದೆ.

ಸ್ಟಾಫ್‌ನ (ಸ್ವರಗಳನ್ನು ಬರೆಯುವ ಐದು ಗೆರೆಗಳ) ಕೆಳಗೆ ಪ್ರತಿ ಸ್ಲೈಡರ್‌ಗೂ ಸುಮಾರು 10 ಮಿ.ಮೀ. ಎತ್ತರದ ಪಟ್ಟಿ ಇಡಿ. ತಳದ ಗೆರೆ ಪೂರ್ತಿ ಕೆಳಗೆ, ಮೇಲಿನದು ಪೂರ್ತಿ ಮೇಲೆ. ನಡುವೆ ಕಾಲು, ಅರ್ಧ, ಮುಕ್ಕಾಲಿಗೆ ತೆಳು ಗೆರೆಗಳು. ಈ ಐದು ಮಟ್ಟ ಸಾಕು. ನಿಧಾನ ಏರಿಕೆಗೆ ಓರೆಗೆರೆ, ಹಠಾತ್ ಜಿಗಿತಕ್ಕೆ ನೇರ ಲಂಬಗೆರೆ. ಚಲನೆ ಶುರುವಾಗುವ ಸ್ವರದಿಂದ ಪಟ್ಟಿಗೆ ಚುಕ್ಕೆಗೆರೆ ಇಳಿಸಿ. ಪಟ್ಟಿಗಳ ಕ್ರಮವನ್ನು ಪುಟದಿಂದ ಪುಟಕ್ಕೆ ಬದಲಿಸಲೇಬೇಡಿ.

ಆಮೇಲೆ ಕೈಗಳನ್ನು ಎಣಿಸಿ. ಎರಡೂ ಕೈ ಕೀಲಿಗಳ ಮೇಲಿರುವಾಗ ಸ್ಲೈಡರ್ ಸರಿಸಲು ಮೂರನೆಯ ಕೈ ಬೇಕಾಗುತ್ತದೆ. ಕಂಪ್ಯೂಟರಿನಲ್ಲಿ ಕೇಳುತ್ತಾ ಬರೆದ ಸ್ಕೋರ್‌ಗಳಲ್ಲಿ ಈ ದೋಷ ಸುಲಭವಾಗಿ ನುಸುಳುತ್ತದೆ. ಅಲ್ಲಿ ಆ ಕೆಲಸವನ್ನು ಕಾಲಿನಿಂದ ಒತ್ತುವ ಎಕ್ಸ್‌ಪ್ರೆಶನ್ ಪೆಡಲ್‌ಗೆ ವಹಿಸಿ, ಇಲ್ಲವೇ ಕೈ ಹೋಗಿಬರಲು ವಿರಾಮ ಕೊಡಿ.

ಇನ್ನೊಂದು ಅಪಾಯ ಪ್ಯಾಚ್ (ವಾದ್ಯದಲ್ಲಿ ಉಳಿಸಿಟ್ಟ ಧ್ವನಿಯ ಸೆಟ್ಟಿಂಗ್) ಬದಲಾಗುವಲ್ಲಿದೆ. ಹೊಸ ಪ್ಯಾಚ್ ತನ್ನಲ್ಲಿ ಉಳಿಸಿಟ್ಟ ಬೆಲೆಯಿಂದ ಶುರುವಾಗುತ್ತದೆ, ಮೋಟಾರ್ ಇಲ್ಲದ ಸ್ಲೈಡರ್ ಮಾತ್ರ ಹಳೆಯ ಜಾಗದಲ್ಲೇ ನಿಂತಿರುತ್ತದೆ. ಮುಟ್ಟಿದೊಡನೆ ಧ್ವನಿ ಹಾರುತ್ತದೆ, ಅಥವಾ ಪಿಕಪ್ ವ್ಯವಸ್ಥೆ ಇದ್ದರೆ ಸ್ಲೈಡರ್ ಆ ಬೆಲೆಯನ್ನು ದಾಟುವವರೆಗೆ ಏನೂ ಆಗುವುದಿಲ್ಲ. ಆದ್ದರಿಂದ ಪ್ಯಾಚ್ ಸಂಖ್ಯೆಯ ಪಕ್ಕದ ಚೌಕದಲ್ಲಿ ಪ್ರತಿ ಸ್ಲೈಡರ್‌ನ ಆರಂಭದ ಜಾಗವನ್ನು ಗುರುತಿಸಿ. ಅದಕ್ಕಿಂತ ಮುಂಚೆ, ಸ್ಲೈಡರ್ ಧ್ವನಿಯನ್ನು ಮುಟ್ಟದ ಘಳಿಗೆಯಲ್ಲಿ ಅದನ್ನು ಅಲ್ಲಿಗೆ ಒಯ್ಯಲು ಸೂಚಿಸಿ.

ಪ್ರಶ್ನೆ: ಅದೇ ಸ್ಕೋರನ್ನು ಬೇರೆ ವಾದ್ಯದಲ್ಲಿ ನುಡಿಸಿದರೆ ಪಿಚ್ ಬೆಂಡ್ ಅಪಸ್ವರವಾಗುತ್ತದೆ. ಏಕೆ?

ಉತ್ತರ: ವೀಲ್ ಎಷ್ಟು ತಿರುಗಿತು ಎಂಬುದನ್ನಷ್ಟೇ ಮಿಡಿ ಕಳಿಸುತ್ತದೆ, ಅದು ಎಷ್ಟು ಸೆಮಿಟೋನ್ (ಅಕ್ಕಪಕ್ಕದ ಎರಡು ಕೀಲಿಗಳ ನಡುವಿನ ಸ್ವರಾಂತರ) ಎಂಬುದು ಧ್ವನಿ ಹುಟ್ಟಿಸುವ ವಾದ್ಯದ ಸೆಟ್ಟಿಂಗ್. ಸಾಮಾನ್ಯವಾಗಿ ಎರಡೂ ಕಡೆಗೆ 2 ಸೆಮಿಟೋನ್ ಇರುತ್ತದೆ. ಅದನ್ನು 12ಕ್ಕೆ ಇಟ್ಟ ವಾದ್ಯದಲ್ಲಿ ಅರ್ಧ ತಿರುಗಿಸಿದರೆ 1ರ ಬದಲು 6 ಸೆಮಿಟೋನ್ ಏರುತ್ತದೆ. ಹಾಗಾಗಿ ಕೇಳಿಸಬೇಕಾದ ಸ್ವರವನ್ನೇ ಸ್ಟಾಫ್ ಮೇಲೆ ಬರೆಯಿರಿ, ವ್ಯಾಪ್ತಿಯನ್ನು ಮೊದಲ ಪುಟದಲ್ಲಿ ಹೇಳಿ.

ಆ ಪುಟಕ್ಕೆ ಶ್ರಮ ಹಾಕುವುದು ಸಾರ್ಥಕ. ಯಾವ ಸ್ಲೈಡರ್ ಏನನ್ನು ಬದಲಿಸುತ್ತದೆ, ಮೇಲೆ ಸರಿಸಿದರೆ ಧ್ವನಿ ತೆರೆದುಕೊಳ್ಳುತ್ತದೋ ಮುಚ್ಚುತ್ತದೋ, ಡಿಲೇ (ಧ್ವನಿ ತಡವಾಗಿ ಮರುಕಳಿಸುವುದು) ಎಷ್ಟು ಮಿಲಿಸೆಕೆಂಡ್, ಎಲ್ಲವೂ ಅಲ್ಲಿರಲಿ. ಸಾಫ್ಟ್‌ವೇರ್‌ನ ಹೆಸರು, ಆವೃತ್ತಿ ಮಾತ್ರ ಬರೆದರೆ ಸಾಲದು. ಆ ಫೈಲು ತೆರೆಯದ ಕಾಲಕ್ಕೆ ಧ್ವನಿಯ ವಿವರಣೆ ಮತ್ತು ಒಂದು ಧ್ವನಿಮುದ್ರಣವೇ ನೆರವಾಗುವುದು.

ಪ್ರಶ್ನೆ: ಪಟ್ಟಿಗಳಿಗೆ ಬೇರೆ ಬೇರೆ ಬಣ್ಣ ಕೊಡಬಹುದೇ?

ಉತ್ತರ: ಕೊಡಿ, ಆದರೆ ಬಣ್ಣವೊಂದನ್ನೇ ನಂಬಬೇಡಿ. ಕಪ್ಪುಬಿಳುಪು ಪ್ರತಿಯಲ್ಲಿ ಕೆಂಪು, ಹಸಿರು ಒಂದೇ ಬೂದು ಆಗಬಹುದು. ಒಂದಕ್ಕೆ ದಪ್ಪ ಗೆರೆ, ಇನ್ನೊಂದಕ್ಕೆ ತುಂಡುಗೆರೆ ಕೊಟ್ಟು ಬೇರ್ಪಡಿಸಿ.