ವಿಶ್ವಾಸ ಪ್ರಮಾಣಕ್ಕೂ ಮಾತು ಬಿಟ್ಟ ಅಣ್ಣನಿಗೂ ಏನು ಸಂಬಂಧ?

ಪ್ರತಿ ಭಾನುವಾರ ಚರ್ಚಿನಲ್ಲಿ ವಿಶ್ವಾಸ ಪ್ರಮಾಣ (ನಾವು ಏನು ನಂಬುತ್ತೇವೆ ಅಂತ ಎಲ್ಲರೂ ಸೇರಿ ಹೇಳುವ ಮಾತು) ಹೇಳುತ್ತೇನೆ, ಆದರೆ ಸೈಟಿನ ಪಾಲಿಗಾಗಿ ಮಾತು ಬಿಟ್ಟಿರುವ ಅಣ್ಣನ ವಿಷಯದಲ್ಲಿ ಅದರಿಂದ ಏನು ಉಪಯೋಗ ಅಂತ ಕೇಳಿದ್ದೀರಿ. ಅದರಲ್ಲಿ ಪಾಪಗಳ ಕ್ಷಮೆಯ ಮಾತೂ ಇದೆ, ಅಲ್ವಾ? ಅಲ್ಲಿಂದಲೇ ಶುರು ಮಾಡಿ.

ಬೈಬಲ್‌ನ ಮತ್ತಾಯ 18ನೇ ಅಧ್ಯಾಯದಲ್ಲಿ ಯೇಸು ಹೇಳಿದ ಸಾಮ್ಯ, ಅಂದರೆ ನೀತಿಕಥೆ, ಗೊತ್ತಿರಬಹುದು. ರಾಜನಿಗೆ ಹತ್ತು ಸಾವಿರ ತಲಾಂತು (ಆ ಕಾಲದ ಹಣದ ದೊಡ್ಡ ಅಳತೆ) ಕೊಡಬೇಕಿದ್ದ ಆಳಿಗೆ ಸಾಲ ಪೂರ್ತಿ ಮನ್ನಾ ಆಗುತ್ತದೆ, ಆದರೆ ಅವನು ಹೊರಗೆ ಬಂದವನೇ ನೂರು ದೆನಾರಿ ಕೊಡಬೇಕಿದ್ದ ಜೊತೆಯ ಆಳಿನ ಕುತ್ತಿಗೆ ಹಿಡಿಯುತ್ತಾನೆ. ನೂರು ದೆನಾರಿ ಅಂದರೆ ಚಿಲ್ಲರೆ ಕಾಸು ಅಂತ ಚರ್ಚಿನ ಎಷ್ಟೋ ಪ್ರಸಂಗದಲ್ಲಿ ಕೇಳಿದ್ದೇನೆ. ಖಂಡಿತ ಅಲ್ಲ. ಒಂದು ದೆನಾರಿ ಕೂಲಿಯವನ ಒಂದು ದಿನದ ಸಂಬಳ, ಹಾಗಾಗಿ ನೂರು ಅಂದರೆ ಮೂರು ತಿಂಗಳಿಗಿಂತ ಜಾಸ್ತಿ ದುಡಿಮೆ. ನಿಮ್ಮ ನೋವೂ ಹಾಗೇ ನಿಜವಾದದ್ದು. ಸುಮ್ನೆ ಮರೆತುಬಿಡಿ ಅನ್ನುವವರ ಮಾತು ಕೇಳಬೇಡಿ. ಆದರೆ ಇನ್ನೊಂದು ಕಡೆಯ ಲೆಕ್ಕವನ್ನೂ ನೋಡಿ: ಒಂದು ತಲಾಂತು ಸುಮಾರು 6,000 ದೆನಾರಿ, ಹತ್ತು ಸಾವಿರ ತಲಾಂತು ಆರು ಕೋಟಿ ದಿನದ ಕೂಲಿ! ದೇವರಿಂದ ನಮಗೆ ಮನ್ನಾ ಆಗಿರುವುದು ಅಷ್ಟು ಅಂತ ನಂಬಿದವರು ನೂರು ದೆನಾರಿಯ ಸಾಲದ ಚೀಟಿಯನ್ನು ಎಷ್ಟು ದಿನ ಕೈಯಲ್ಲಿ ಹಿಡಿದುಕೊಂಡಿರಲು ಆಗುತ್ತದೆ?

ಹಾಗಂತ ಕ್ಷಮಿಸುವುದು ಅಂದರೆ ಪಾಲುಪತ್ರಕ್ಕೆ ಕಣ್ಣು ಮುಚ್ಚಿ ಸಹಿ ಹಾಕುವುದಲ್ಲ. ವಕೀಲರ ಕೆಲಸ ವಕೀಲರು ಮಾಡಲಿ. ನಾನು ನಮ್ಮ ಭಾವನಿಗೆ ವರ್ಷಗಳ ನಂತರ ಫೋನ್ ಮಾಡಿದ್ದು ಒಂದು ಈಸ್ಟರ್ ದಿನ, ಎರಡೇ ನಿಮಿಷ, ಬರೀ ಬಿಸಿಲಿನ ಬಗ್ಗೆ ಮಾತಾಡಿದೆವು.