ಮಕ್ಕಳಿಗೆ ಕಲೆಯ ಮೂಲಾಂಶಗಳನ್ನು ಹೇಗೆ ಕಲಿಸಬೇಕು?

ಬಾಗಲಕೋಟೆಯ ನಿಮ್ಮ ಶಾಲೆಯ ಮಕ್ಕಳು ರೇಖೆ, ಆಕಾರ, ಛಾಯೆ, ಬಣ್ಣಗಳ ವ್ಯಾಖ್ಯೆ ಒಪ್ಪಿಸಿದರೂ ಚಿತ್ರದಲ್ಲಿ ಅವುಗಳನ್ನು ಗುರುತಿಸಲಾರರೇಕೆ ಎಂದು ಕೇಳಿದ್ದೀರಿ. ವ್ಯಾಖ್ಯೆಯನ್ನು ಬದಿಗಿಟ್ಟು, ಒಂದೇ ವಸ್ತುವನ್ನು ಹಲವು ಸಲ, ಪ್ರತಿ ಸಲ ಒಂದೇ ಅಂಶದಿಂದ ಬರೆಸಿರಿ. ವಸ್ತು ಇಂಥದೆಂದು ಗುರುತಾದೊಡನೆ ಕಣ್ಣು ಅದನ್ನು ನೋಡುವುದನ್ನೇ ಬಿಡುತ್ತದೆ. ಉಳಿದ ಅಂಶಗಳನ್ನು ತೆಗೆದಾಗ ಮತ್ತೆ ಹುಡುಕತೊಡಗುತ್ತದೆ. ಇಳಕಲ್ ಸೀರೆಯ ಸೆರಗನ್ನು ಬರಿಯ ಪೆನ್ಸಿಲಿನ ಗೆರೆಗಳಲ್ಲಿ ಬರೆದ ಮಗು, ಕೆಂಪು ನೆಲದ ಮೇಲೆ ಎದ್ದು ಕಾಣುತ್ತಿದ್ದ ಬಿಳಿ ತೆನೆ ವಿನ್ಯಾಸಗಳು ಕಾಗದದಲ್ಲಿ ಮಂಕಾದುದನ್ನು ಕಂಡು, ಬಣ್ಣ ಮಾಡುತ್ತಿದ್ದ ಕೆಲಸವನ್ನು ತಾನೇ ಅರಿಯುತ್ತದೆ. ಛಾಯೆಗೆ, ಅಂದರೆ ಬೆಳಕು ನೆರಳಿನ ಏರಿಳಿತಕ್ಕೆ, ಬಾದಾಮಿಯ ಮೊದಲ ಗುಹೆಯ 18 ಕೈಗಳ ನಟರಾಜನಿಗಿಂತ ಒಳ್ಳೆಯ ಪಾಠವನ್ನು ನಾನು ಕಾಣೆ: ಒಂದೇ ಬಣ್ಣದ ಕಲ್ಲಿನಲ್ಲಿ ಆ ಕೈಗಳನ್ನು ಬೇರೆಬೇರೆಯಾಗಿ ತೋರಿಸುವುದು ನೆರಳೇ. ಅಲ್ಲಿ ಕಣ್ಣು ಅರೆಮುಚ್ಚಿ ನೋಡಲು ಹೇಳಿ, ಇದ್ದಿಲಿನಿಂದ ನೆರಳನ್ನಷ್ಟೇ ತುಂಬಿಸಿರಿ.