ಅಂಗಳದ ಮದುವೆಗೆ ಮಳೆಯ ಸಿದ್ಧತೆ

ಪ್ರಶ್ನೆ: ಮೇ ಕೊನೆಯ ವಾರದಲ್ಲಿ ಮಗಳ ಮದುವೆಯನ್ನು ತೀರ್ಥಹಳ್ಳಿಯ ಸಮೀಪದ ನಮ್ಮ ಮನೆಯಂಗಳದಲ್ಲಿಯೇ ಚಪ್ಪರ ಹಾಕಿಸಿ ನಡೆಸಬೇಕೆಂದಿದ್ದೇವೆ. ಮುಹೂರ್ತ ಬೆಳಿಗ್ಗೆ 10ಕ್ಕೆ, ಊಟಕ್ಕೆ ಸುಮಾರು 400 ಜನ. ಮಳೆ ಬಂದರೆ ಏನು ಮಾಡುವುದು?
— ಓರ್ವ ಓದುಗರು

ಉತ್ತರ: ಮುಂಗಾರಿಗೆ ಮೊದಲಿನ ಗುಡುಗುಮಳೆ ಹೆಚ್ಚಾಗಿ ಮಧ್ಯಾಹ್ನದ ನಂತರ ಸುರಿಯುವುದರಿಂದ ನಿಮ್ಮ ಮುಹೂರ್ತದ ಹೊತ್ತು ಅನುಕೂಲಕರವಾಗಿದೆ, ಎಚ್ಚರ ಬೇಕಾದದ್ದು ಊಟದ ಪಂಕ್ತಿಗಳಿಗೆ. ಆದರೆ ಸಾಮಾನ್ಯವಾಗಿ ಜೂನ್ 1ರ ಸುಮಾರಿಗೆ ಕೇರಳ ತಲುಪುವ ಮುಂಗಾರು 2025ರಲ್ಲಿ ಮೇ 24ಕ್ಕೇ ಬಂದಿತ್ತೆಂಬುದನ್ನು ನೆನಪಿಡಿ.

ಸೋಗೆಯ ಚಪ್ಪರ ಎಷ್ಟು ಚೆಂದವಾದರೂ ನೆರಳಿಗಷ್ಟೇ ಸಾಕು. ಬರಿಯ ಟಾರ್ಪಾಲಿನಲ್ಲಿ ನೀರು ಜೋಲುಬಿದ್ದು ನಿಂತು, ಆ ಭಾರಕ್ಕೆ ಕಂಬವೇ ವಾಲುವ ಅಪಾಯವಿರುವುದರಿಂದ, ಸೋಗೆಯ ಮೇಲೆ ತಗಡಿನ ಶೀಟುಗಳನ್ನು ಮನೆಯಿಂದ ಹೊರಗಿನ ಕಡೆಗೆ ಇಳಿಜಾರಾಗಿ ಹೊದಿಸಿ, ಸುತ್ತ ಕಾಲುವೆ ತೋಡಿಸಿ, ನೀರನ್ನು ತೋಟದತ್ತ ತಿರುಗಿಸಿ. ಅಡುಗೆಯ ಒಲೆಗಳಿಗೂ ಇದೇ ರೀತಿಯ ಮಾಡು ಬೇಕು. ಅನ್ನದ ಕೊಪ್ಪರಿಗೆ ಇಳಿಸುವ ಹೊತ್ತಿಗೆ ನೆಲ ಜಾರಬಾರದು.

ದೀಪದ ತಂತಿಗಳು ನೆಲದ ಮೇಲೆ ಹರಿದಾಡದಂತೆ ಎತ್ತರದಲ್ಲಿ ಕಟ್ಟಿಸಿ. ಸಿಡಿಲಿನ ವೇಳೆ ಚಪ್ಪರ ಸುರಕ್ಷಿತವಲ್ಲ. ಆದ್ದರಿಂದ ಮನೆಯ ಒಳಕೋಣೆಗಳನ್ನು ಸಾಮಾನುಗಳಿಂದ ತುಂಬಿಸದೆ, ಮಕ್ಕಳು ಮತ್ತು ಹಿರಿಯರು ಮೊದಲು ಒಳಬರುವಂತೆ ಜಾಗ ಉಳಿಸಿಕೊಳ್ಳಿ. ಎಲ್ಲರಿಗೂ ಅಲ್ಲಿ ಸ್ಥಳ ಸಾಲದೆಂದಾದರೆ, ಹತ್ತಿರದ ಸಭಾಭವನವೊಂದನ್ನು ಈಗಲೇ ಮಾತನಾಡಿಟ್ಟುಕೊಳ್ಳುವುದು ನನ್ನ ದೃಷ್ಟಿಯಲ್ಲಿ ಅನಿವಾರ್ಯ. ಹವಾಮಾನ ಇಲಾಖೆಯ ಜಿಲ್ಲಾವಾರು ಮುನ್ಸೂಚನೆಯನ್ನು ಐದು ದಿನ ಮೊದಲಿನಿಂದಲೇ ಗಮನಿಸುತ್ತಿದ್ದು, ಹಿಂದಿನ ಸಂಜೆಯೊಳಗೆ ತೀರ್ಮಾನಿಸಿ ನೆಂಟರಿಗೆ ತಿಳಿಸಿಬಿಡಿ.